ಐದು ಮಿಲಿಮೀಟರಿನ ಅಲೆ: ಆಚಾರ್ಯ ಜಗದೀಶಚಂದ್ರ ಬೋಸ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಒಬ್ಬ ವಿಜ್ಞಾನಿಯ ಜೀವನವೃತ್ತಾಂತವೂ ಇರಬೇಕೆಂಬ ಮಾತು ಬಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೂ ಸರ್ ಸಿ.ವಿ. ರಾಮನ್ನರ ಹೆಸರೂ ಸಹಜವಾಗಿಯೇ ಮೊದಲು ನೆನಪಾಗುತ್ತವೆ. ಅವರಿಬ್ಬರ ಕಥೆಯನ್ನು ನಮ್ಮ ಓದುಗರು ಶಾಲೆಯ ಪಾಠಗಳಿಂದಲೇ ಬಲ್ಲರು. ಜಗದೀಶಚಂದ್ರ ಬೋಸರ ಹೆಸರನ್ನೂ ಎಲ್ಲರೂ ಕೇಳಿದ್ದಾರೆ. ಆದರೆ ಗಿಡಮರಗಳೂ ನೋವಿಗೆ ಸ್ಪಂದಿಸುತ್ತವೆಂದು ತೋರಿಸಿದವರು ಎಂಬಷ್ಟಕ್ಕೆ ಆ ತಿಳಿವಳಿಕೆ ನಿಂತುಬಿಡುತ್ತದೆ. ಇಂದು ಬೆಳುಗುಪ್ಪದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಒಬ್ಬ ಹುಡುಗ ತಂತಿಯಿಲ್ಲದೆ ಮನೆಯ ಮೂಲೆಯಲ್ಲಿ ಕುಳಿತು ಪಾಠ ಕೇಳುವುದಕ್ಕೆ ಕಾರಣವಾದ ಅತಿ ಚಿಕ್ಕ ವಿದ್ಯುತ್ ಅಲೆಗಳ ವಿದ್ಯೆಗೂ ಅವರಿಗೂ ಇರುವ ನಂಟು ಹೆಚ್ಚು ಜನರಿಗೆ ತಿಳಿದಿಲ್ಲ. ಅವರನ್ನು ಆರಿಸಿಕೊಳ್ಳಲು ಇದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಮತ್ತೂ ಹತ್ತಿರದ್ದು: ಬೋಸರು ತಮ್ಮ ಅಕ್ಷರಾಭ್ಯಾಸವನ್ನು ಮಾತೃಭಾಷೆಯ ಸಣ್ಣ ಶಾಲೆಯೊಂದರಲ್ಲಿ ಮಾಡಿದವರು.

ಅವರು ಹುಟ್ಟಿದ್ದು 1858ರ ನವೆಂಬರ್ 30ರಂದು, ಪೂರ್ವ ಬಂಗಾಳದಲ್ಲಿ. ಮನೆತನದ ಊರು ವಿಕ್ರಮಪುರ ಸೀಮೆಯ ರಾಢಿಖಾಲ. ಅದು ಇಂದು ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಭಗವಾನಚಂದ್ರ ಬೋಸರು ಬ್ರಹ್ಮಸಮಾಜದ ಅನುಯಾಯಿಗಳು; ಸರ್ಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ಫರೀದಪುರದಲ್ಲಿದ್ದರು. ಅಂತಹ ಹುದ್ದೆಯವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ಆ ಕಾಲದ ವಾಡಿಕೆ. ಮನೆತನದ ಗೌರವದ ಗುರುತು ಸಹ. ಭಗವಾನಚಂದ್ರರು ಹಾಗೆ ಮಾಡಲಿಲ್ಲ. ತಮ್ಮ ಕೈಕೆಳಗಿನ ನೌಕರರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿರುವಾಗ ಅಧಿಕಾರಿಯಾದ ತಾವು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಹುಡುಗನು ಮೊದಲು ತನ್ನ ಭಾಷೆಯನ್ನು, ತನ್ನ ಜನರನ್ನು ಅರಿಯಲಿ, ಇಂಗ್ಲಿಷು ಆಮೇಲೆ ಬರಲಿ ಎಂಬುದು ಅವರ ನಿಶ್ಚಯವಾಗಿತ್ತು.

ಆ ಶಾಲೆಯಲ್ಲಿ ಬಾಲಕ ಜಗದೀಶನ ಬಲಗಡೆ ಕುಳಿತವನು ತಂದೆಯ ಕಚೇರಿಯ ಮುಸಲ್ಮಾನ ಜವಾನನ ಮಗ. ಎಡಗಡೆಯವನು ಬೆಸ್ತರ ಹುಡುಗ. ಹಕ್ಕಿಗಳ, ಪ್ರಾಣಿಗಳ, ನೀರಿನೊಳಗಿನ ಜೀವಿಗಳ ಸಂಗತಿಗಳನ್ನು ಅವರಿಂದಲೇ ಕೇಳಿ ತಿಳಿದೆನೆಂದೂ, ಪ್ರಕೃತಿಯ ಬಗೆಗಿನ ಕುತೂಹಲ ಅಲ್ಲಿಯೇ ಚಿಗುರಿತೆಂದೂ ಬೋಸರು ಬಹಳ ವರ್ಷಗಳ ನಂತರ ವಿಕ್ರಮಪುರದ ಸಮ್ಮೇಳನವೊಂದರಲ್ಲಿ ನೆನೆದುಕೊಂಡಿದ್ದಾರೆ. ಆ ಗೆಳೆಯರು ಮನೆಗೆ ಬಂದರೆ ತಾಯಿ ಎಲ್ಲರಿಗೂ ಒಂದೇ ರೀತಿಯಲ್ಲಿ ಉಣಬಡಿಸುತ್ತಿದ್ದರು. ಆಚಾರವಂತರಾದ ಆ ತಾಯಿ ಮಕ್ಕಳ ವಿಷಯದಲ್ಲಿ ಭೇದವೆಣಿಸಲಿಲ್ಲವೆಂಬುದನ್ನೂ ಅವರು ಮರೆತಿರಲಿಲ್ಲ. ಹುಡುಗನನ್ನು ದಿನವೂ ಶಾಲೆಗೆ ಕರೆದೊಯ್ಯುತ್ತಿದ್ದ ಆಳು ಒಂದು ಕಾಲದಲ್ಲಿ ದರೋಡೆಕೋರನಾಗಿದ್ದವನು! ಅವನಿಗೆ ಶಿಕ್ಷೆ ವಿಧಿಸಿದವರೂ, ಸೆರೆಮನೆಯಿಂದ ಬಿಡುಗಡೆಯಾದ ಮೇಲೆ ಬದುಕುವ ದಾರಿ ಕಾಣದೆ ಬಂದು ನಿಂತಾಗ ಕೆಲಸ ಕೊಟ್ಟವರೂ ಭಗವಾನಚಂದ್ರರೇ. ದಾರಿಯುದ್ದಕ್ಕೂ ಅವನು ಹೇಳುತ್ತಿದ್ದ ಸಾಹಸದ ಕಥೆಗಳು ಹುಡುಗನ ಪಾಲಿಗೆ ಇನ್ನೊಂದು ಪಾಠಶಾಲೆ.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತೆಲುಗು ಮತ್ತು ಇಂಗ್ಲಿಷು ಎಂಬ ಸ್ಥಿತಿಯಲ್ಲಿರುವ ನಮ್ಮ ಸೀಮೆಯ ತಂದೆತಾಯಿಗಳಿಗೆ, ಮಗುವನ್ನು ಕನ್ನಡ ಶಾಲೆಗೆ ಸೇರಿಸಿದರೆ ಮುಂದೇನು ಗತಿ ಎಂಬ ಅಳುಕು ಹೊಸದಲ್ಲ. ಬೋಸರ ಬಾಲ್ಯವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದು ಆ ಕಾರಣಕ್ಕಾಗಿಯೇ. ಆದರೆ ಅರ್ಧ ಕಥೆ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಶಾಲೆಗೆ ಸೇರಿದಾಗ ಅಲ್ಲಿನ ಇಂಗ್ಲಿಷ್ ಹುಡುಗರ ನಡುವೆ ಹಳ್ಳಿಯಿಂದ ಬಂದ ಈ ಬಾಲಕ ಒಂಟಿಯಾದ, ಗೇಲಿಗೂ ಗುರಿಯಾದ. ಇಂಗ್ಲಿಷನ್ನು ಅವನು ಶ್ರಮಪಟ್ಟು ಕಲಿಯಲೇಬೇಕಾಯಿತು, ಕಲಿತೂ ಕಲಿತ.

ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದವರು ಬೆಲ್ಜಿಯಂ ದೇಶದ ಪಾದ್ರಿ ಲಾಫೋಂ. ಪ್ರಯೋಗಗಳನ್ನು ಕಣ್ಣೆದುರು ಮಾಡಿ ತೋರಿಸುವುದರಲ್ಲಿ ಅವರು ಎತ್ತಿದ ಕೈ. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರರು ಕಲ್ಕತ್ತೆಯಲ್ಲಿ ವಿಜ್ಞಾನ ಸಂಘವನ್ನು ಕಟ್ಟಿದಾಗ ಬೆಂಬಲವಾಗಿ ನಿಂತವರಲ್ಲಿ ಅವರೂ ಒಬ್ಬರು. ಮುಂದೆ ರಾಮನ್ನರು ತಮ್ಮ ಪರಿಣಾಮವನ್ನು ಕಂಡುಹಿಡಿದದ್ದು ಆ ಸಂಘದ ಪ್ರಯೋಗಶಾಲೆಯಲ್ಲಿಯೇ.

ಪದವಿಯ ನಂತರ ಜಗದೀಶಚಂದ್ರರಿಗೆ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೂಡಬೇಕೆಂಬ ಆಸೆಯಿತ್ತು. ಆಳುವ ಅಧಿಕಾರಿಯಾಗುವುದಕ್ಕಿಂತ ವಿದ್ವಾಂಸನಾಗುವುದು ಮೇಲೆಂದು ತಂದೆ ಒಪ್ಪಲಿಲ್ಲ. ಆ ವೇಳೆಗೆ ಮನೆಯ ಸ್ಥಿತಿ ಕುಸಿದಿತ್ತು. ಊರಿನವರಿಗೆ ಕೈಕಸುಬಿನ ಶಾಲೆ, ಅಸ್ಸಾಮಿನಲ್ಲಿ ಚಹಾ ತೋಟ, ನೇಯ್ಗೆಯ ಕಂಪನಿ ಎಂದು ಭಗವಾನಚಂದ್ರರು ಕೈಹಾಕಿದ ಉದ್ಯಮಗಳು ನಷ್ಟಕ್ಕೀಡಾಗಿ ಸಾಲ ಬೆಳೆದಿತ್ತು. ತಾಯಿ ತಮ್ಮ ಒಡವೆಗಳನ್ನು ಕೊಡಲು ಮುಂದಾದರು. 1880ರಲ್ಲಿ ಮಗ ಹಡಗು ಹತ್ತಿದರು. ಲಂಡನ್ನಿನಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದ್ದೇನೋ ಹೌದು. ಆದರೆ ಊರಿನಲ್ಲಿರುವಾಗಲೇ ಅಂಟಿದ್ದ ಜ್ವರ ಬಿಡಲಿಲ್ಲ, ಶವಚ್ಛೇದನದ ಕೋಣೆಯ ವಾಸನೆ ಅದನ್ನು ಉಲ್ಬಣಗೊಳಿಸಿತು. ವೈದ್ಯವಿದ್ಯೆಯನ್ನು ಕೈಬಿಟ್ಟು ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿಗೆ ಸೇರಿದರು. ಅಲ್ಲಿ ಅವರಿಗೆ ಭೌತಶಾಸ್ತ್ರ ಹೇಳಿದ ಗುರು ಲಾರ್ಡ್ ರೇಲೆ. 1884ರಲ್ಲಿ ಕೇಂಬ್ರಿಜ್ಜಿನ ಪದವಿಯೊಡನೆ ಲಂಡನ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯನ್ನೂ ಪಡೆದು ಮರುವರ್ಷ ಸ್ವದೇಶಕ್ಕೆ ಮರಳಿದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಭೌತಶಾಸ್ತ್ರದ ಅಧ್ಯಾಪಕರ ಹುದ್ದೆ ದೊರೆಯಿತು. ಆಗಿನ ನಿಯಮ ಹೀಗಿತ್ತು: ಅದೇ ಹುದ್ದೆಯಲ್ಲಿರುವ ಯುರೋಪಿಯನ್ನನಿಗೆ ಪೂರ್ಣ ಸಂಬಳ, ಭಾರತೀಯನಿಗೆ ಅದರ ಮೂರನೆಯ ಎರಡು ಪಾಲು. ಬೋಸರದು ಹಂಗಾಮಿ ನೇಮಕವಾದ್ದರಿಂದ ಅದರಲ್ಲೂ ಅರ್ಧ. ಎಂದರೆ ಕೈಗೆ ಬರುವುದು ಮೂರನೆಯ ಒಂದು ಪಾಲು ಮಾತ್ರ. ಅವರು ಕೂಗಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಪ್ರತಿದಿನ ತಪ್ಪದೆ ಪಾಠ ಮಾಡಿದರು, ತಿಂಗಳ ಕೊನೆಗೆ ಬಂದ ಸಂಬಳವನ್ನು ಮುಟ್ಟದೆ ಹಿಂದಿರುಗಿಸಿದರು. ಹೀಗೆ ಮೂರು ವರ್ಷ. ಮನೆಯಲ್ಲಿ ತಂದೆಯ ಸಾಲ. 1887ರಲ್ಲಿ ವಿವಾಹವೂ ಆಗಿತ್ತು. ಪತ್ನಿ ಅಬಲಾ ದಾಸರು ಸಾಮಾನ್ಯರಲ್ಲ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಕಾಲದಲ್ಲಿ ಅವರು ಮದರಾಸಿಗೆ ಬಂದು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಓದಿದ್ದರು. ಮುಂದೆ 1919ರಲ್ಲಿ ನಾರೀ ಶಿಕ್ಷಾ ಸಮಿತಿಯನ್ನು ಸ್ಥಾಪಿಸಿ ಬಂಗಾಳದ ಹಳ್ಳಿಗಳ ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆದವರೂ ಅವರೇ. ಸಂಬಳವಿಲ್ಲದ ಸಂಸಾರವನ್ನು ಈ ದಂಪತಿಗಳು ಹೇಗೋ ತೂಗಿಸಿದರು. ಕೊನೆಗೆ ಕಾಲೇಜಿನ ಮುಖ್ಯಸ್ಥರೂ ಶಿಕ್ಷಣ ಇಲಾಖೆಯ ನಿರ್ದೇಶಕರೂ ಮನಸ್ಸು ಬದಲಿಸಿ, ಹುದ್ದೆಯನ್ನು ಮೊದಲ ದಿನದಿಂದಲೇ ಅನ್ವಯವಾಗುವಂತೆ ಕಾಯಂ ಮಾಡಿಸಿ ಪೂರ್ಣ ಸಂಬಳವನ್ನು ಒಟ್ಟಿಗೆ ಕೊಡಿಸಿದರು. ಆ ಹಣ ತಂದೆಯ ಸಾಲ ತೀರಿಸಲು ಹೋಯಿತು.

ಈಗ ಅಲೆಗಳ ಕಥೆಗೆ ಬರೋಣ. ಬೆಳಕು ಎಂಬುದು ವಿದ್ಯುತ್ತೂ ಕಾಂತತ್ವವೂ ಕೂಡಿದ ಒಂದು ಅಲೆ, ಅದರಂತೆಯೇ ಕಣ್ಣಿಗೆ ಕಾಣದ ಬೇರೆ ಅಲೆಗಳೂ ಇರಬೇಕು ಎಂದು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ಲರು ಗಣಿತದ ಬಲದಿಂದ ಹೇಳಿದ್ದರು. ಜರ್ಮನಿಯ ಹರ್ಟ್ಸರು 1887-88ರ ಸುಮಾರಿಗೆ ಅಂತಹ ಅಲೆಗಳನ್ನು ವಿದ್ಯುತ್ ಕಿಡಿಯಿಂದ ಹುಟ್ಟಿಸಿ ತೋರಿಸಿದರು. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಲ್ಲಿ ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಇರುವ ಅಂತರವೇ ತರಂಗಾಂತರ. ಸೆಕೆಂಡಿಗೆ ಎಷ್ಟು ಬಾರಿ ಅಲೆ ಕಂಪಿಸುತ್ತದೆ ಎಂಬುದು ಆವೃತ್ತಿ. ವಿದ್ಯುತ್ ಅಲೆಗಳ ವೇಗ ಬೆಳಕಿನ ವೇಗವೇ ಆದ್ದರಿಂದ ಅಲೆ ಚಿಕ್ಕದಾದಷ್ಟೂ ಆವೃತ್ತಿ ಹೆಚ್ಚುತ್ತದೆ. ಹರ್ಟ್ಸರ ಅಲೆಗಳ ಉದ್ದವನ್ನು ಮೀಟರಿನ ಲೆಕ್ಕದಲ್ಲಿ ಅಳೆಯಬೇಕಾಗಿತ್ತು. ಅವು ಬೆಳಕಿನಂತೆ ಪ್ರತಿಫಲಿಸುತ್ತವೆಯೇ, ಬಾಗುತ್ತವೆಯೇ ಎಂದು ಪರೀಕ್ಷಿಸಲು ಆಳೆತ್ತರದ ಕನ್ನಡಿ, ಮಣಗಟ್ಟಲೆ ಭಾರದ ಪಟ್ಟಕ ಬೇಕಾಗುತ್ತಿತ್ತು.

1894ರಲ್ಲಿ ಹರ್ಟ್ಸರ ಕೆಲಸದ ಮೇಲೆ ಆಲಿವರ್ ಲಾಡ್ಜ್ ಬರೆದುದನ್ನು ಬೋಸರು ಓದಿದರು. ಅಲೆ ದೊಡ್ಡದೆಂದು ಉಪಕರಣವನ್ನು ಹಿಗ್ಗಿಸುವ ಬದಲು ಅಲೆಯನ್ನೇ ಏಕೆ ಕುಗ್ಗಿಸಬಾರದು? ತಮ್ಮ ಮೂವತ್ತಾರನೆಯ ಹುಟ್ಟುಹಬ್ಬದಂದು ಅವರು ಸಂಶೋಧನೆಗೆ ಸಂಕಲ್ಪ ತೊಟ್ಟರೆಂದು ಅವರ ಜೀವನಚರಿತ್ರಕಾರರು ಹೇಳುತ್ತಾರೆ. ಕಾಲೇಜಿನಲ್ಲಿ ಅವರಿಗೆ ದೊರೆತ ಜಾಗ ಸ್ನಾನದ ಕೋಣೆಯ ಪಕ್ಕದ 24 ಚದರ ಅಡಿಯ ಒಂದು ಕಿರುಕೋಣೆ. ಒಬ್ಬರು ಮಂಚ ಹಾಕಿ ಮಲಗಿದರೆ ಉಳಿಯುವುದೇನೂ ಇಲ್ಲ! ಸಹಾಯಕ್ಕೆ ಸಿಕ್ಕಿದವನು ಒಬ್ಬ ತಗಡು ಕೆಲಸದವನು. ಅವನಿಗೆ ವಿಜ್ಞಾನದ ಗಂಧವಿರಲಿಲ್ಲ. ಹೇಳಿದ ಅಳತೆಗೆ ತಗಡು ಕತ್ತರಿಸಿ ಬೆಸುಗೆ ಹಾಕುವ ಕೈಗುಣವಿತ್ತು. ಪ್ರಯೋಗಗಳ ಖರ್ಚನ್ನು ಬೋಸರು ಹೆಚ್ಚಾಗಿ ಕೈಯಿಂದಲೇ ಹಾಕಿಕೊಂಡರು. ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ಈ ಕೆಲಸ.

ಆ ಕೋಣೆಯಲ್ಲಿ ಅವರು ಹುಟ್ಟಿಸಿದ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಿಂದ ಐದು ಮಿಲಿಮೀಟರಿನವರೆಗೆ. ಐದು ಮಿಲಿಮೀಟರೆಂದರೆ ಸರಿಸುಮಾರು ಒಂದು ಕಡಲೆಕಾಳಿನಷ್ಟು. ಇಂದಿನ ಲೆಕ್ಕದಲ್ಲಿ ಅದರ ಆವೃತ್ತಿ 60 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಆರು ಸಾವಿರ ಕೋಟಿ ಕಂಪನ. ಇಷ್ಟು ಚಿಕ್ಕ ಅಲೆಗಳನ್ನು ಅಷ್ಟು ನಿಯತವಾಗಿ ಉತ್ಪಾದಿಸಿ, ಗ್ರಹಿಸಿ, ಅಳೆದವರು ಅದುವರೆಗೆ ಯಾರೂ ಇರಲಿಲ್ಲ. ಉಪಕರಣಗಳೋ, ನೋಡಿದವರು ಬೆರಗಾಗುವಷ್ಟು ಸರಳ. ಅಲೆ ಹೊರಬೀಳುವ ಬಾಯಿಗೆ ಕಹಳೆಯ ಆಕಾರದ ಲೋಹದ ಕೊಳವೆ. ಅಲೆಯ ಧ್ರುವೀಕರಣವನ್ನು ಪರೀಕ್ಷಿಸಲು ಹಾಳೆಗಳ ನಡುವೆ ತವರದ ತೆಳುತಗಡು ಸೇರಿಸಿದ ಬ್ರಾಡ್‌ಷಾ ರೈಲ್ವೆ ವೇಳಾಪಟ್ಟಿಯ ಪುಸ್ತಕ! ಸಕ್ಕರೆಯ ದ್ರಾವಣವು ಬೆಳಕಿನ ಧ್ರುವೀಕರಣದ ದಿಕ್ಕನ್ನು ತಿರುಗಿಸುವಂತೆ ವಿದ್ಯುತ್ ಅಲೆಯನ್ನೂ ತಿರುಗಿಸಬಹುದೆಂದು ತೋರಿಸಲು ಹುರಿಮಾಡಿದ ಸೆಣಬಿನ ಕಟ್ಟುಗಳು. ಬಂಗಾಳದ ಹೊಲದ ಸೆಣಬು ಭೌತಶಾಸ್ತ್ರದ ಉಪಕರಣವಾದದ್ದು ಹೀಗೆ. ಇಡೀ ಪ್ರಯೋಗಶಾಲೆಯನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಬಹುದಾಗಿತ್ತು. ಅಲೆಯನ್ನು ಕುಗ್ಗಿಸಿದ್ದರ ಲಾಭ ಅದೇ.

1895ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸುಮಾರು 75 ಅಡಿ ದೂರಕ್ಕೆ, ನಡುವೆ ಎರಡು ಗೋಡೆಗಳಿದ್ದರೂ, ಅವರು ಅಲೆಯನ್ನು ಕಳುಹಿಸಿ ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿದರು, ಮದ್ದಿನ ಪುಡಿಯನ್ನು ಸಿಡಿಸಿದರು. ಕಲ್ಕತ್ತೆಯ ಟೌನ್‌ಹಾಲಿನಲ್ಲಿಯೂ ಬಂಗಾಳದ ಲೆಫ್ಟಿನೆಂಟ್ ಗವರ್ನರರ ಸಮ್ಮುಖದಲ್ಲಿ ಸಾರ್ವಜನಿಕರಿಗೆ ಇಂತಹ ಪ್ರದರ್ಶನ ನಡೆಯಿತು. ಅಲೆ ಆ ಗಣ್ಯರ ಸ್ಥೂಲ ಶರೀರವನ್ನೂ ದಾಟಿಕೊಂಡೇ ಹೋಯಿತೆಂದು ಹೇಳುವುದುಂಟು. ಅದೇ ವರ್ಷದ ಮೇ ತಿಂಗಳಿನಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಗೆ ಅವರ ಮೊದಲ ಪ್ರಬಂಧ ಸಲ್ಲಿಕೆಯಾಯಿತು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಡಿ.ಎಸ್ಸಿ. ಪದವಿ ನೀಡಿತು. ಆ ವರ್ಷ ಲಿವರ್‌ಪೂಲಿನ ವಿಜ್ಞಾನ ಸಮ್ಮೇಳನದಲ್ಲಿ ಲಾರ್ಡ್ ಕೆಲ್ವಿನ್ನರಂತಹ ಹಿರಿಯರು ಮೆಚ್ಚಿ ಅಭಿನಂದಿಸಿದರು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸ ಮಾಡುವ ಗೌರವ ಸಂದಿತು. ಅಲ್ಲಿ ಬೋಸರು ತಮ್ಮ ಗ್ರಾಹಕದ ರಚನೆಯನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ಹಣ ತರಬಲ್ಲ ಗುಟ್ಟನ್ನು ಹೀಗೆ ಬಿಟ್ಟುಕೊಡುವುದೇ ಎಂದು ಲಂಡನ್ನಿನ ಎಂಜಿನಿಯರಿಂಗ್ ಪತ್ರಿಕೆಯೊಂದು ಅಚ್ಚರಿಪಟ್ಟಿತು.

ಆಗಲೇ ಲಂಡನ್ನಿನಲ್ಲಿ ಇಟಲಿಯ ತರುಣ ಮಾರ್ಕೋನಿ 1896ರ ಜೂನ್‌ನಲ್ಲಿ ತನ್ನ ನಿಸ್ತಂತು ತಂತಿವಾರ್ತೆಗೆ ಪೇಟೆಂಟ್ ಅರ್ಜಿ ಹಾಕಿಯಾಗಿತ್ತು. ಇಬ್ಬರ ಗುರಿಯೂ ಬೇರೆ. ಮಾರ್ಕೋನಿಗೆ ದೂರ ಬೇಕಾಗಿತ್ತು; ಹಡಗಿಗೆ, ಕಡಲಾಚೆಯ ದಡಕ್ಕೆ ಸುದ್ದಿ ಮುಟ್ಟಬೇಕಾಗಿತ್ತು. ಅದಕ್ಕೆ ಉದ್ದನೆಯ ಅಲೆಗಳೇ ತಕ್ಕವು. ಬೋಸರಿಗೆ ಅಲೆಯ ಸ್ವಭಾವ ತಿಳಿಯಬೇಕಾಗಿತ್ತು. ಅದಕ್ಕೆ ಚಿಕ್ಕ ಅಲೆ ಬೇಕು. ರೇಡಿಯೋವನ್ನು ಕಂಡುಹಿಡಿದವರು ಬೋಸರೇ, ಮಾರ್ಕೋನಿ ಕದ್ದ ಎಂಬ ಮಾತು ನಮ್ಮ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಅದು ಅಷ್ಟು ಸರಳವಲ್ಲ. ಲಾಡ್ಜ್, ರಷ್ಯದ ಪೊಪೋವ್ ಮೊದಲಾದವರೂ ಆ ವರ್ಷಗಳಲ್ಲಿ ಇದೇ ದಾರಿಯಲ್ಲಿದ್ದರು. ಆದರೆ ಒಂದು ಸಂಗತಿ ಮಾತ್ರ ಗಟ್ಟಿಯಾದದ್ದು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನಿಂದ ಅಟ್ಲಾಂಟಿಕ್ ಸಾಗರ ದಾಟಿ ಬಂದ ಸಂಕೇತವನ್ನು ನ್ಯೂಫೌಂಡ್‌ಲೆಂಡಿನಲ್ಲಿ ಮಾರ್ಕೋನಿ ಕೇಳಿಸಿಕೊಂಡದ್ದು ಪಾದರಸವನ್ನು ಬಳಸಿದ ಗ್ರಾಹಕದಿಂದ. ಅಂತಹ ಗ್ರಾಹಕವನ್ನು ಬೋಸರು 1899ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ್ದರು. ಅದು ಇಟಲಿಯ ನೌಕಾದಳದ ಹೆಸರಿನಲ್ಲಿ ಮಾರ್ಕೋನಿಯ ಕೈಸೇರಿದ ಬಗೆಯನ್ನು ಹಳೆಯ ದಾಖಲೆಗಳಿಂದ ಬಿಡಿಸಿ ತೋರಿಸಿದ ಸಂಶೋಧನಾ ಲೇಖನ 1998ರಲ್ಲಿ ಅಮೆರಿಕದ ಎಂಜಿನಿಯರರ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರ್ಕೋನಿಗೆ 1909ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪೇಟೆಂಟಿನ ವಿಷಯದಲ್ಲಿ ಬೋಸರದು ಹಟವೆನ್ನುವಷ್ಟು ದೃಢ ನಿಲುವು. 1901ರಲ್ಲಿ ಲಂಡನ್ನಿನಲ್ಲಿದ್ದಾಗ ಹೆಸರಾಂತ ತಂತಿ ಕಂಪನಿಯೊಂದರ ಕೋಟ್ಯಧೀಶ ಮಾಲೀಕನು ಉಪನ್ಯಾಸಕ್ಕೆ ಸ್ವಲ್ಪ ಮೊದಲು ಅರ್ಜಿ ನಮೂನೆಯನ್ನೇ ಹಿಡಿದು ಬಂದನಂತೆ. ಈ ಸಂಗತಿ ಸಭೆಯಲ್ಲಿ ಹೇಳಬೇಡಿ, ಪೇಟೆಂಟ್ ಪಡೆಯೋಣ, ಲಾಭದಲ್ಲಿ ಅರ್ಧ ನಿಮಗೆ ಎಂದು ಬೇಡಿಕೊಂಡನಂತೆ. ಬೋಸರು ಒಪ್ಪಲಿಲ್ಲ, ಆ ಕಥೆಯನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದಲ್ಲಿ ಬರೆದು ತಿಳಿಸಿದರು. ಜ್ಞಾನವು ಮಾರಾಟದ ವಸ್ತುವಲ್ಲವೆಂಬ ಈ ನಿಷ್ಠೆ ದೊಡ್ಡದು. ಆದರೂ ಅದರ ಬೆಲೆಯನ್ನು ತೆತ್ತವರು ಅವರೇ. ಅವರ ಸಂಶೋಧನೆಗೆ ಹಣ ಹೊಂದಿಸಲು ಠಾಕೂರರು ತ್ರಿಪುರಾದ ಮಹಾರಾಜರ ಬಳಿ ಹೋಗಬೇಕಾಯಿತು. ಕೊನೆಗೆ ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಬಹಳ ಒತ್ತಾಯಿಸಿ ಒಂದು ಪೇಟೆಂಟಿಗೆ ಅರ್ಜಿ ಹಾಕಿಸಿದರು. ಗ್ಯಾಲೀನ ಎಂಬ ಸೀಸದ ಅದಿರಿನ ಹರಳಿನಿಂದ ಅಲೆಯನ್ನು ಗ್ರಹಿಸುವ ಆ ಉಪಕರಣಕ್ಕೆ 1904ರ ಮಾರ್ಚ್ 29ರಂದು ಅಮೆರಿಕದ ಪೇಟೆಂಟ್ ದೊರೆಯಿತು. ಅರೆವಾಹಕ ವಸ್ತುವನ್ನು ಬಳಸಿದ ಉಪಕರಣಕ್ಕೆ ದೊರೆತ ಜಗತ್ತಿನ ಮೊತ್ತಮೊದಲ ಪೇಟೆಂಟುಗಳಲ್ಲಿ ಅದೊಂದು. ಬೋಸರು ಅದರ ಹಕ್ಕನ್ನು ಚಲಾಯಿಸದೆ ಹಾಗೆಯೇ ಮುಗಿಯಲು ಬಿಟ್ಟರು. 1977ರಲ್ಲಿ ನೊಬೆಲ್ ಪಡೆದ ನೆವಿಲ್ ಮಾಟ್, ಅರೆವಾಹಕಗಳ ವಿಷಯದಲ್ಲಿ ಬೋಸರು ತಮ್ಮ ಕಾಲಕ್ಕಿಂತ ಅರವತ್ತು ವರ್ಷ ಮುಂದಿದ್ದರೆಂದು ಅಭಿಪ್ರಾಯಪಟ್ಟಿದ್ದಾರೆ.

ಅಷ್ಟರಲ್ಲಿ ಅವರ ಮನಸ್ಸು ಬೇರೆಡೆಗೆ ಹರಿದಿತ್ತು. ಸತತವಾಗಿ ಬಳಸಿದ ಗ್ರಾಹಕ ದಣಿದಂತೆ ಮಂದವಾಗುವುದನ್ನೂ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಕಂಡು ಜೀವವಿರುವ ವಸ್ತುವಿಗೂ ಇಲ್ಲದ ವಸ್ತುವಿಗೂ ನಡುವಿನ ಗೆರೆ ಎಲ್ಲಿ ಎಂಬ ಪ್ರಶ್ನೆ ಎತ್ತಿದರು. ಅಲ್ಲಿಂದ ಸಸ್ಯಗಳ ಕಡೆಗೆ. ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರದ ಕೌಶಲವನ್ನು ಯಾರೂ ಅಲ್ಲಗಳೆಯಲಾರರು. ಲಂಡನ್ನಿನ ಶರೀರಶಾಸ್ತ್ರಜ್ಞರು ಮಾತ್ರ ಭೌತಶಾಸ್ತ್ರದವನಿಗೆ ಇಲ್ಲೇನು ಕೆಲಸವೆಂದು ಮುಖ ತಿರುಗಿಸಿದರು. ಅವರ ಕೆಲವು ತೀರ್ಮಾನಗಳು ಸಾಕ್ಷ್ಯ ಹೊರಬಲ್ಲುದಕ್ಕಿಂತ ಮುಂದೆ ಹೋದವೆಂದು ಇಂದೂ ಹೇಳುವವರಿದ್ದಾರೆ. ಗಿಡಗಳಲ್ಲಿ ವಿದ್ಯುತ್ ಸಂಕೇತ ಹರಿಯುತ್ತದೆಂಬ ಮೂಲ ಮಾತಂತೂ ನಿಂತಿದೆ. ಈ ಭಾಗ ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಬಂದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಪಾಠಶಾಲೆಯ ಋಣವನ್ನು ಅವರು ಮರೆಯಲಿಲ್ಲ. ಸಂಶೋಧನಾ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿ, ಅದು ಅನಿವಾರ್ಯ. ಆದರೆ ಬಂಗಾಳಿಯಲ್ಲಿಯೂ ಅವರು ಬರೆದರು, ಅದೂ ಲವಲವಿಕೆಯಿಂದ. 1896ರಲ್ಲಿ ಕುಂತಲೀನ್ ಎಂಬ ಕೇಶತೈಲದ ಕಂಪನಿಯವರು ಏರ್ಪಡಿಸಿದ ಕಥಾಸ್ಪರ್ಧೆಗೆ ಅವರು ಕಳುಹಿಸಿದ ಕಥೆಯಲ್ಲಿ ಕಡಲಿನ ಚಂಡಮಾರುತವೊಂದು ಒಂದು ಸೀಸೆ ತಲೆಯೆಣ್ಣೆಯಿಂದ ತಣ್ಣಗಾಗುತ್ತದೆ! ಬಂಗಾಳಿಯ ಮೊದಲ ವಿಜ್ಞಾನ ಕಥೆಗಳಲ್ಲಿ ಅದನ್ನೂ ಎಣಿಸುತ್ತಾರೆ, ಬಹುಮಾನವೂ ಬಂತು. ಬಂಗಾಳಿ ಬರಹಗಳ ಸಂಕಲನ ‘ಅವ್ಯಕ್ತ’ 1921ರಲ್ಲಿ ಹೊರಬಂದಿತು. ತರಗತಿಯಲ್ಲಿ ಅವರ ಕೈಕೆಳಗೆ ಕಲಿತವರಲ್ಲಿ ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಅವರಂತಹವರಿದ್ದರು. 1915ರಲ್ಲಿ ನಿವೃತ್ತರಾದ ಮೇಲೆ 1917ರ ತಮ್ಮ ಹುಟ್ಟುಹಬ್ಬದಂದು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ದೇಶಕ್ಕೆ ಅರ್ಪಿಸಿದರು. ಅದೇ ವರ್ಷ ಸರ್ ಪದವಿ, 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. 1937ರ ನವೆಂಬರ್ 23ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ವಾರವಿರುವಾಗ, ಇಂದಿನ ಝಾರ್ಖಂಡಿನ ಗಿರಿಡೀಹದಲ್ಲಿ ತೀರಿಕೊಂಡರು.

ಅವರ ಚಿಕ್ಕ ಅಲೆಗಳು ಅರ್ಧ ಶತಮಾನ ಮೂ‌ಲೆ ಸೇರಿದ್ದವು. ಜಗತ್ತೆಲ್ಲ ಮಾರ್ಕೋನಿಯ ಉದ್ದನೆಯ ಅಲೆಗಳ ಹಿಂದೆ ಹೋಗಿತ್ತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ಪತ್ತೆ ಹಚ್ಚುವ ರೇಡಾರ್ ಬಂದಾಗ ಸೆಂಟಿಮೀಟರ್ ಅಲೆಗಳು ಮತ್ತೆ ಬೇಕಾದವು. ನಮ್ಮ ಕನ್ನಡನಾಡಿನಲ್ಲಿ ಈ ವಿದ್ಯೆಯನ್ನು ಬೆಳೆಸಿದವರ ಹೆಸರನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿಯವರು 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದರು. ಅದೇ ಸಂಸ್ಥೆಯ ಪ್ರಾಧ್ಯಾಪಕರಾದ ಶಿಶಿರಕುಮಾರ ಚಟರ್ಜಿಯವರನ್ನು ವಿವಾಹವಾಗಿ ಇಬ್ಬರೂ ಕೂಡಿ ಅಲ್ಲಿ ಸೂಕ್ಷ್ಮತರಂಗ ಸಂಶೋಧನೆಯ ಪ್ರಯೋಗಶಾಲೆಯನ್ನು ಕಟ್ಟಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಅವರು 1982ರಲ್ಲಿ ನಿವೃತ್ತರಾಗಿ 2010ರಲ್ಲಿ ನಿಧನರಾದರು. ಅವರಿಗೆ ಸಂದ ಬಹುಮಾನಗಳಲ್ಲಿ ಒಂದು ಜಗದೀಶಚಂದ್ರ ಬೋಸರ ಹೆಸರಿನದು.

ಮನೆಮನೆಯ ವೈಫೈ ಬಂದದ್ದು ಅದಾದ ಮೇಲೆ. 1985ರಲ್ಲಿ ಅಮೆರಿಕ ಸರ್ಕಾರ ಕೆಲವು ಆವೃತ್ತಿಗಳನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಒಂದು ಕಂಪನಿಯ ಯಂತ್ರ ಇನ್ನೊಂದರ ಯಂತ್ರದೊಡನೆ ಮಾತನಾಡಬೇಕಾದರೆ ಎಲ್ಲರೂ ಒಪ್ಪುವ ನಿಯಮ ಬೇಕು; ರೈಲ್ವೆ ಹಳಿಗಳ ಅಗಲ ಒಂದೇ ಇರಬೇಕಾದಂತೆ. ಅಂತಹ ನಿಯಮಾವಳಿಯನ್ನು ಐ.ಇ.ಇ.ಇ. ಎಂಬ ಎಂಜಿನಿಯರರ ಸಂಸ್ಥೆ 802.11 ಎಂಬ ಅಂಕಿಯ ಹೆಸರಿನಲ್ಲಿ 1997ರಲ್ಲಿ ಹೊರತಂದಿತು. ಆಗಿನ ಗರಿಷ್ಠ ವೇಗ ಸೆಕೆಂಡಿಗೆ 20 ಲಕ್ಷ ಬಿಟ್. ಬಳಸಿದ್ದು 2.4 ಗಿಗಾಹರ್ಟ್ಸ್, ಅಂದರೆ ಹನ್ನೆರಡೂವರೆ ಸೆಂಟಿಮೀಟರಿನ ಅಲೆ. ಭಾರತದಲ್ಲಿ ಈ ಆವೃತ್ತಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಡವೆಂದು ನಿಯಮವಾದದ್ದು 2005ರಲ್ಲಿ. ಕ್ರಮೇಣ ಆ ದಾರಿಯಲ್ಲಿ ನೂಕುನುಗ್ಗಲಾಯಿತು. ಅಡುಗೆಯ ಮೈಕ್ರೋವೇವ್ ಒಲೆ ಸಹ ಅದೇ ಆವೃತ್ತಿಯದು. ಹೆಚ್ಚು ಮಾಹಿತಿಗೆ ಹೆಚ್ಚು ಅಗಲದ ದಾರಿ ಬೇಕು. ಅಂತಹ ಜಾಗ ಮೇಲಿನ ಆವೃತ್ತಿಗಳಲ್ಲಿದೆ. ಹಾಗಾಗಿ 5 ಗಿಗಾಹರ್ಟ್ಸಿಗೆ ಏರಿದರು. ಕೊನೆಗೆ 2012ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ 60 ಗಿಗಾಹರ್ಟ್ಸಿನ ನಿಯಮಾವಳಿಯನ್ನು ಪ್ರಕಟಿಸಿತು. ಬೋಸರ ಐದು ಮಿಲಿಮೀಟರಿನ ಅಲೆ ಅದೇ. ವೇಗ ಸೆಕೆಂಡಿಗೆ ಸುಮಾರು 700 ಕೋಟಿ ಬಿಟ್.

ಅಷ್ಟು ಚಿಕ್ಕ ಅಲೆಗೆ ಗೋಡೆ ದೊಡ್ಡ ಅಡ್ಡಿ. ಗಾಳಿಯ ಆಮ್ಲಜನಕವೂ ಅದನ್ನು ಹೀರಿಕೊಳ್ಳುತ್ತದೆ. ಬೋಸರು ಗೋಡೆ ದಾಟಿಸಿದರಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಅವರ ಅಲೆ ಆಚೆ ಹೋಗಿ ಒಂದು ಗಂಟೆ ಬಾರಿಸಿದರೆ ಸಾಕಾಗಿತ್ತು. ಇಂದಿನದು ಸೆಕೆಂಡಿಗೆ ನೂರಾರು ಕೋಟಿ ಸಂಕೇತಗಳನ್ನು ಒಂದೂ ತಪ್ಪದೆ ಒಯ್ಯಬೇಕು. ಆದ್ದರಿಂದ ಈ ಅಲೆಯನ್ನು ಒಂದೇ ಕೋಣೆಯೊಳಗಿನ ಕೆಲಸಕ್ಕೆ ಬಳಸುವುದು ರೂಢಿ.

ಆ 2012ರಲ್ಲಿಯೇ, ಮೂರು ತಿಂಗಳ ಮೊದಲು, ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಯವರು ಕಲ್ಕತ್ತೆಯ ಪ್ರೆಸಿಡೆನ್ಸಿಯಲ್ಲಿ ಬೋಸರ 60 ಗಿಗಾಹರ್ಟ್ಸ್ ಪ್ರಯೋಗವನ್ನು ತಂತ್ರಜ್ಞಾನದ ಇತಿಹಾಸದ ಮೈಲಿಗಲ್ಲೆಂದು ಗುರುತಿಸಿ ಫಲಕ ನೆಟ್ಟರು. ಆಕಾಶಶಾಸ್ತ್ರಜ್ಞರು ಅವರನ್ನು ಇನ್ನೂ ಮೊದಲೇ ನೆನೆದಿದ್ದರು. ಅಮೆರಿಕದ ಕಿಟ್ ಪೀಕ್ ಬೆಟ್ಟದ 12 ಮೀಟರ್ ರೇಡಿಯೋ ದೂರದರ್ಶಕದ ಗ್ರಾಹಕವೊಂದರಲ್ಲಿ ಬೋಸರ 1897ರ ಪ್ರಬಂಧದ ಎರಡು ಪಟ್ಟಕಗಳ ಉಪಾಯವನ್ನೇ ಅಳವಡಿಸಿದೆವೆಂದು ಅಲ್ಲಿನ ವಿಜ್ಞಾನಿಯೊಬ್ಬರು 1997ರಲ್ಲಿ ಬರೆದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ 1980ರ ದಶಕದಲ್ಲಿ ಮಿಲಿಮೀಟರ್ ಅಲೆಗಳಿಗೆಂದೇ 10.4 ಮೀಟರ್ ವ್ಯಾಸದ ದೂರದರ್ಶಕವನ್ನು ಕಟ್ಟಿದ್ದರು. ಇದಕ್ಕೆ ತೀರ ವಿರುದ್ಧವಾದ ಉದ್ದನೆಯ ಅಲೆಗಳನ್ನು ಆಕಾಶದಿಂದ ಹಿಡಿಯುವ ಕೇಂದ್ರ ನಮ್ಮ ನೆರೆಯಲ್ಲೇ ಇದೆ. ಹಿಂದೂಪುರದಿಂದ ಬೆಂಗಳೂರಿಗೆ ಹೋಗುವ ರೈಲು ಹಾಯುವ ಗೌರಿಬಿದನೂರಿನ ಬಳಿ 1976ರಲ್ಲಿ ಆರಂಭವಾದ ಆ ವೀಕ್ಷಣಾಲಯದಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಬಯಲಿನಲ್ಲಿ ಹರಡಿದ್ದರು; ಅವು ಹಿಡಿಯುತ್ತಿದ್ದ ಅಲೆಯ ಉದ್ದ ಸುಮಾರು ಎಂಟೂಮುಕ್ಕಾಲು ಮೀಟರ್. ಮೇಲೆ ಹೇಳಿದ ಅಲೆಗಳ ಗಾತ್ರದ ಅಂತರವನ್ನು ಮಕ್ಕಳಿಗೆ ಮನಗಾಣಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ತಗಡು ಕೆಲಸದವನ ಕೈಯಿಂದ ಮೂಡಿದ ಬೋಸರ ಉಪಕರಣಗಳು ಕಲ್ಕತ್ತೆಯ ಬೋಸ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿವೆ. ಆ ಕಡೆಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳು ಅರ್ಧ ದಿನ ಬಿಡುವು ಮಾಡಿಕೊಂಡು ನೋಡಿಬರಬಹುದು.